ಬಿಸ್ಕೆಟ್ ಬಣ್ಣದ ಕೋಟು

ಕತ್ತಿನ ಹಿಂದೆ ಏನೋ ಚುಚ್ಚುತ್ತಿದೆ, ಬೆಲೆಯ ಚೀಟಿ ಇರಬೇಕು, ಅದರ ಪ್ಲಾಸ್ಟಿಕ್ ದಾರ ಕಾಲರಿನೊಳಗೆ ಸೇರಿಕೊಂಡು ಜಾಲಿಮುಳ್ಳಿನಂತೆ ಒತ್ತುತ್ತಿದೆ, ತೆಗೆಯೋಣವೆಂದು ಕೈ ಹಿಂದಕ್ಕೆ ಹಾಕಿದರೆ ಕಂಕುಳಲ್ಲಿ ಬಿಗಿಯುತ್ತದೆ, ಕೈ ಇಳಿಸಿದರೆ ಭುಜ ಜೋತು ಬೀಳುತ್ತದೆ, ಸಡಿಲ ಇರಬೇಕಾದ ಕಡೆ ಬಿಗಿ, ಕೂರಬೇಕಾದ ಕಡೆ ಜೋಲು, ಯಾವ ಮಹಾರಾಯನ ಮೈ ನೆನೆದುಕೊಂಡು ಇದನ್ನು ಹೊಲಿದರೋ — ಟ್ರಯಲ್ ರೂಮಿನ ಟ್ಯೂಬ್‌ಲೈಟು ನೆತ್ತಿಯ ಮೇಲೆ ಗುಂಯ್ ಅನ್ನುತ್ತಿದೆ, ಕನ್ನಡಿಯೊಳಗೆ ಬಿಸ್ಕೆಟ್ ಬಣ್ಣದ ಮದುಮಗ ನಿಂತಿದ್ದಾನೆ, ಜಗನ್, ಟಿ. ನರಸೀಪುರದ ಸರ್ಕಾರಿ ಹೈಸ್ಕೂಲಿನ ಗಣಿತದ ಮೇಷ್ಟ್ರು, ಮಕ್ಕಳ ಮುಂದೆ ಹುಲಿ, ಇಲ್ಲಿ ನೋಡಿದರೆ ಚಹಾದಲ್ಲಿ ಅದ್ದಿ ತೆಗೆದ ಬಿಸ್ಕೆಟ್ಟು, ಇನ್ನೊಂದು ಗಳಿಗೆ ಬಿಟ್ಟರೆ ತಳಕ್ಕೆ ಬಿದ್ದುಹೋಗುತ್ತದೆ — ನನ್ನ ಹಿಂದೆ ಕೊಕ್ಕೆಯಲ್ಲಿ ನೇವಿ ಬ್ಲೂ ಕೋಟು ತೂಗುತ್ತಿದೆ, ಬೇಡ ಎಂದು ಬಿಚ್ಚಿಸಿದ ಕೋಟು, ಬಿಚ್ಚಿದ ಮೇಲೂ ಒಳಗೆ ಯಾರೋ ಇದ್ದಾರೇನೋ ಅನ್ನುವಂತೆ ಭುಜ ಎತ್ತಿಕೊಂಡೇ ಇದೆ, ಪ್ಲೈವುಡ್ ಬಾಗಿಲ ಕೆಳಗೆ ಒಂದು ಗೇಣು ಸಂದಿ, ಸಂದಿಯಾಚೆ ಪಾಲಿಶ್ ಹಾಕಿದ ಬೂಟು, ವಾಣಿಯ ಸೋದರಮಾವ ಗುರುಪ್ರಸಾದರದು, ಪಕ್ಕದಲ್ಲಿ ಚರ್ಮದ ಚಪ್ಪಲಿ, ವಾಣಿಯ ಅಪ್ಪ ಶಿವಸ್ವಾಮಿಯವರದು, ಇಬ್ಬರೂ ಪಿಸುಗುಡುತ್ತಿದ್ದಾರೆ, ಪ್ಲೈವುಡ್ಡಿಗೆ ಮಾತನ್ನು ತಡೆಯುವ ತಾಕತ್ತಿಲ್ಲವೆಂದು ಅವರಿಗೆ ತಿಳಿಯದು, ಭಾವ, ಆ ನೀಲಿ ಆಕ್ಕಂಡು ಸ್ಟೇಜ್ ಮೇಲೆ ನಿಂತ್ರೆ ಬೋರ್ಡ್ ಬರ್ದು ತಗಲಾಕ್ದಂಗೆ ಕಣ್ರೀ, ಬನ್ನೂರ್ ಕಡೆಯಿಂದ ನಮ್ಮೋರೆಲ್ಲ ಬತ್ತಾರೆ, ಏನಂತಾ ಹೇಳ್ತೀರಾ ಅವ್ರಿಗೆ, ಬೇರೆ ಯಾವ್ ಬಣ್ಣಾನಾರಾ ತಗೊಳ್ಳಲಿ, ಇನ್ನೊಂದ್ಸಾವ್ರ ಜಾಸ್ತಿ ಆದ್ರೂ ಆಗ್ಲಿ, ಅದೊಂದ್ ಬೇಡ — ಹುಂ, ಅನ್ನುತ್ತದೆ ಚರ್ಮದ ಚಪ್ಪಲಿ. ಬೋರ್ಡು. ನನ್ನ ಅಪ್ಪ ಬೋರ್ಡು ಬರೆಯುವವನು, ಅದಾದರೂ ಈ ಬೂಟಿಗೆ ಗೊತ್ತಿದೆಯೋ ಇಲ್ಲವೋ.

ಗೊತ್ತಿರುತ್ತದೆ, ಎಲ್ಲ ಗೊತ್ತಿರುತ್ತದೆ, ಹೆಣ್ಣು ಕೊಡುವ ಮುಂಚೆ ಏಳು ತಲೆಮಾರು ಜಾಲಾಡಿದವರಿಗೆ ಗೊತ್ತಿರದೆ ಏನು, ಮಾದು, ತಾಂಡವಪುರದ ಹತ್ತಿರದ ಊರು, ಅಂಗಡಿ ಬೋರ್ಡು ಬರೆಯುತ್ತಾನೆ, ಗೋಡೆಗೆ ಬಣ್ಣ ಹೊಡೆಯುತ್ತಾನೆ, ಕೇರಿಯವನು — ಈಗ ಸ್ವಲ್ಪ ಮುಂಚೆ ಎಷ್ಟು ಚೆನ್ನಾಗಿತ್ತು, ಒಳಕ್ಕೆ ಬಂದಾಗ ಎಲ್ಲರ ಮುಖದಲ್ಲೂ ನಗೆ, ಜವಳಿ ತೆಗೆಯುವ ದಿನವೆಂದರೆ ಹಾಗೆಯೇ ತಾನೆ, ಎರಡೂ ಕಡೆಯವರು ಒಟ್ಟಿಗೆ ಅಂಗಡಿ ಹತ್ತಬೇಕು, ಹೆಣ್ಣಿಗೆ ಸೀರೆ ಗಂಡಿನ ಕಡೆಯವರು ತೆಗೆಯಬೇಕು, ಗಂಡಿಗೆ ಆರತಕ್ಷತೆಯ ಸೂಟು ಹೆಣ್ಣಿನ ಕಡೆಯವರು ತೆಗೆಯಬೇಕು, ಅದು ಅವರಲ್ಲೂ ಹಾಗೆಯೇ ನಮ್ಮಲ್ಲೂ ಹಾಗೆಯೇ, ಎರಡು ಜಾತಿಗೂ ತಾಳೆಯಾದದ್ದು ಅದೊಂದೇ, ಅವ್ವ, ವಾಣಿ, ವಾಣಿಯ ತಾಯಿ ಮೂವರೂ ಸೀರೆಗೆಂದು ಮಹಡಿ ಹತ್ತಿದರು, ಗಂಡಸರು ಕೆಳಗೆ ಉಳಿದೆವು, ಅಪ್ಪ ಮೂಲೆಯ ಸ್ಟೂಲಿನ ಮೇಲೆ ಅಂಚಿನಲ್ಲಿ ಕುಳಿತ, ಎದ್ದು ಹೋಗು ಅಂದರೆ ಹೋಗಲು ತಯಾರಾಗಿರುವವನಂತೆ, ಅಂಗಡಿಯವನು ಟೇಪು ಕೊರಳಿಗೆ ಹಾಕಿಕೊಂಡು ಬಂದ, ಮದುವೆ ಗಂಡು ಇವ್ರೇನಾ ಸಾ ಎಂದು ನನ್ನ ಮೈ ಮೇಲೆ ಕಣ್ಣಾಡಿಸಿ ಸೀದಾ ಹೋಗಿ ಈ ನೇವಿ ಬ್ಲೂ ತಂದ, ಹಾಕಿಕೊಂಡೆ, ಅಷ್ಟೆ, ಒಂದು ಗುಂಡಿ ಹಾಕಿದ ತಕ್ಷಣ ಗೊತ್ತಾಯಿತು, ಕೋಟು ನನ್ನ ಮೇಲೆ ಇದೆ ಅನ್ನಿಸಲಿಲ್ಲ, ನಾನೇ ಎರಡು ಅಂಗುಲ ಬೆಳೆದೆ ಅನ್ನಿಸಿತು, ಬೆನ್ನಿನಲ್ಲಿ ಒಂದು ಸುಕ್ಕಿಲ್ಲ, ಹೊಲ್ಸಿದಂಗದೆ ಸಾ, ಸೂಜಿ ಮುಟ್ಟಿಸೋದ್ ಬೇಡ ಅಂದ ಅಂಗಡಿಯವನು, ಬಾಗಿಲು ತೆಗೆದು ಹೊರಗೆ ಬಂದೆ, ಅಪ್ಪ ನೋಡಿದ, ನೋಡಿ ಸ್ಟೂಲಿನಿಂದ ಎದ್ದು ನಿಂತ. ಪ್ರತಿ ವರ್ಷ ಏಪ್ರಿಲ್ಲಿನಲ್ಲಿ ನಮ್ಮೂರ ಬಾಗಿಲ ಪ್ರತಿಮೆಗೆ ಬಣ್ಣ ಮುಗಿಸಿ ಏಣಿಯಿಂದ ಇಳಿದು ಕೈ ಒರೆಸಿಕೊಂಡು ಹೇಗೆ ನಿಲ್ಲುತ್ತಾನೋ ಹಾಗೆ, ಆಮೇಲೆ ಗುರುಪ್ರಸಾದರು ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅಪ್ಪನನ್ನು ನೋಡಿದರು. ಅಲ್ಲಿಂದ ಶುರುವಾಯಿತು.

ಬ್ಲೂ ಬೇಡ ಬಿಡಿ ಮೇಷ್ಟ್ರೇ, ಫೋಟೋದಲ್ಲಿ ಕಪ್ಪು ಬೀಳ್ತದೆ. ಅದು ಒಂದು. ಶುಭಕಾರ್ಯಕ್ಕೆ ಕಡುಬಣ್ಣ ಆಗಿಬರಲ್ಲ ಅಂತಾರೆ ನಮ್ ಕಡೆ. ಅದು ಎರಡು. ವಾಣಿ ಸೀರೆ ಮರೂನ್ ಅಂತೆ, ಮ್ಯಾಚ್ ಆಗಲ್ಲ. ಅದು ಮೂರು, ಮಹಡಿಯ ಮೇಲೆ ಸೀರೆಯನ್ನೇ ಇನ್ನೂ ಆರಿಸಿರಲಿಲ್ಲ — ಒಂದು ಲೆಕ್ಕಕ್ಕೆ ಮೂರು ಉತ್ತರ ಬರೆಯುವ ಹುಡುಗನನ್ನು ನಾನು ದಿನಾ ನೋಡುತ್ತೇನೆ, ಮೂರು ಬರೆದವನಿಗೆ ಸರಿ ಉತ್ತರ ಗೊತ್ತಿರುತ್ತದೆ, ಬರೆಯಲು ಧೈರ್ಯ ಇರುವುದಿಲ್ಲ — ಗುರುಪ್ರಸಾದರ ಮಾತೆಂದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಒಂದು ಕಡೆಯೂ ಜಾತಿ ಎಂಬ ಪದ ಬರಲಿಲ್ಲ, ನಗುತ್ತಲೇ ಬಿಚ್ಚಿಸಿದರು, ಇವರ ಕಾರು ಯಾವ ಬಣ್ಣ, ಹೊರಗೆ ಬಿಸಿಲಲ್ಲಿ ನಿಂತಿದೆಯಲ್ಲ, ನೀಲಿ, ಕಡುನೀಲಿ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಕೊಂಡು, ಅದಕ್ಕೆ ಕಡುಬಣ್ಣ ಆಗಿಬಂದಿದೆ, ಸಕ್ಕರೆ ಕಾರ್ಖಾನೆಗೂ ಹೋಗುತ್ತದೆ ಬೀಗರ ಊಟಕ್ಕೂ ಹೋಗುತ್ತದೆ, ಆಕಾಶ ನೀಲಿ, ಶಿವಸ್ವಾಮಿಯವರ ಮನೆಯ ಗೇಟು ನೀಲಿ, ನಂಜುಂಡನ ಕಂಠವೇ ನೀಲಿ ಅಂತ ಈ ಊರಿಗೆ ಊರೇ ಕೈ ಮುಗಿಯುತ್ತದೆ, ನನ್ನ ಮೈ ಮೇಲೆ ಬಂದರೆ ಮಾತ್ರ ಅದು ಬೋರ್ಡು — ನಾನಾದರೂ ಏನು ಮಾಡಿದೆ, ಆಗಲಿ ಸಾರ್ ಅಂದೆ, ಎರಡೇ ಪದ, ಒಳಗೆ ಬಂದು ಬಿಚ್ಚಿದೆ, ಬೂದಿ ಬಣ್ಣದ್ದು ಹಾಕಿದೆ, ಸೊಂಟದಲ್ಲಿ ಗಾಳಿ ಆಡಿತು, ಈಗ ಇದು, ಆಲ್ಟ್ರೇಶನ್ ಮಾಡಿದ್ರೆ ಕೂರ್ತದೆ ಸಾ ಅನ್ನುತ್ತಾನೆ ಅಂಗಡಿಯವನು, ಮೈಯನ್ನೇ ಆಲ್ಟ್ರೇಶನ್ ಮಾಡುವುದಾದರೆ ಎಲ್ಲ ಕೋಟೂ ಕೂರುತ್ತದೆ ಕಣಯ್ಯ.

ಕೋಟು ಕೂರುವುದೆಂದರೆ ಏನೆಂದು ನನಗೆ ಯಾವ ಅಂಗಡಿಯವನೂ ಹೇಳಿಕೊಡಬೇಕಾಗಿಲ್ಲ, ನಮ್ಮೂರ ಬಾಗಿಲಲ್ಲಿ ಬಾಬಾಸಾಹೇಬರ ಸಿಮೆಂಟಿನ ಪ್ರತಿಮೆ ಇದೆ, ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯ ಬೆರಳು ರಸ್ತೆಯ ಕಡೆಗೆ, ಬಿಸಿಲಿಗೆ ಮಳೆಗೆ ಕೋಟಿನ ಬಣ್ಣ ಬಿಡುತ್ತದೆ, ಪ್ರತಿ ಏಪ್ರಿಲ್ಲಿನಲ್ಲಿ ಹದಿನಾಲ್ಕನೇ ತಾರೀಕಿನ ಜಯಂತಿಗೆ ಮುಂಚೆ ಅಪ್ಪ ಏಣಿ ಹಾಕುತ್ತಾನೆ, ಕೂಲಿ ಇಲ್ಲ, ಕೊಟ್ಟರೂ ಮುಟ್ಟುವುದಿಲ್ಲ, ಬ್ರಷ್ಷು ಮಾತ್ರ ಹೊಸದು ಬೇಕು ಅನ್ನುತ್ತಾನೆ, ಚಿಕ್ಕವನಿದ್ದಾಗ ಏಣಿ ಹಿಡಿದುಕೊಳ್ಳುತ್ತಿದ್ದವನು ನಾನೇ, ಕತ್ತೆತ್ತಿ ನೋಡಿ ನೋಡಿ ಕತ್ತು ನೋವು ಬರುತ್ತಿತ್ತು, ಮೇಲಿನಿಂದ ಅಪ್ಪನ ಪಾಠ ಇಳಿಯುತ್ತಿತ್ತು, ನೋಡ್ಲಾ ಮೊಗ, ಭುಜದ್ ಹೊಲ್ಗೆ ಭುಜದ್ ಮೂಳೆ ಮೇಲೇ ನಿಲ್ಬೇಕು, ಅದ್ಕಿಂತ ಕೆಳಕ್ಕಿಳುದ್ರೆ ಎರವಲ್ ಕೋಟು ಅಂತಾರೆ, ನಮ್ ಸಾಹೇಬ್ರುದು ಎರವಲ್ ಕೋಟಲ್ಲ, ತಿಳ್ಕ, ಗುಂಡಿ ಆಕುದ್ರೆ ಒಟ್ಟೆ ತಾವ ಎಳೀಬಾರ್ದು, ಕೈ ತಾವ ಒಳಗಿನ್ ಬಿಳೀ ಶರ್ಟು ಒಂದ್ ಬೆರಳಗ್ಲ ಕಾಣ್ಬೇಕು, ಆ ಒಂದ್ ಬೆರಳು ಕಂಡ್ರೇನೇ ಅದು ಸೂಟು, ಇಲ್ದಿದ್ರೆ ರಗ್ಗು — ಹಾಗೆ ಹೇಳುತ್ತ ಸಣ್ಣ ಬ್ರಷ್ಷಿನಲ್ಲಿ ಉಸಿರು ಹಿಡಿದು ಆ ಬಿಳಿ ಗೀಟು ಎಳೆಯುತ್ತಿದ್ದ, ತಾನು ಜನ್ಮದಲ್ಲಿ ಒಂದು ಕೋಟು ಹಾಕಿದವನಲ್ಲ, ಬನೀನು, ಬಣ್ಣ ಸಿಡಿದ ಲುಂಗಿ, ಓದಿದ್ದು ಹಾಸ್ಟೆಲಿನಲ್ಲಿ ನಾಲ್ಕು ದಿನ, ಅಲ್ಲಿನ ಗೋಡೆಯ ಫೋಟೋ ನೋಡಿ ಇದೆಲ್ಲ ಕಲಿತನಂತೆ, ಪಾಠದ ಪುಸ್ತಕ ಮರೆತುಹೋಯಿತು ಕೋಟು ಮರೆಯಲಿಲ್ಲ ಎಂದು ನಗುತ್ತಾನೆ — ಬಣ್ಣ ಮುಗಿದ ಮೇಲೆ ಇಳಿದು ಬಂದು ಕೈ ಒರೆಸಿಕೊಂಡು ಸುಮ್ಮನೆ ಎದುರಿಗೆ ನಿಲ್ಲುವುದು, ಅಷ್ಟೇ ಅವನ ಪೂಜೆ, ಕೈ ಮುಗಿಯುವುದಿಲ್ಲ, ನಿಲ್ಲುತ್ತಾನೆ, ಒಂದು ಸಲ ನನ್ನ ಕಡೆ ತಿರುಗಿ ಅಂದ, ನಿನ್ ಮದ್ವೆಗೂ ಇಂಥದ್ದೇ ಕಣ್ಲಾ, ಇದೇ ಬಣ್ಣ. ನನಗಾಗ ಮದುವೆ ಎಂದರೆ ಬೂಂದಿ ಎಂದಷ್ಟೇ ಗೊತ್ತಿತ್ತು.

ನಂಜನಗೂಡೇ ಯಾಕೆ ಎಂದು ಮೊದಲ ದಿನವೇ ಕೇಳಬೇಕಾಗಿತ್ತು, ಟಿ. ನರಸೀಪುರದವರು ಬನ್ನೂರಿನವರು ಜವಳಿಗೆ ಮೈಸೂರಿಗೆ ಹೋಗುತ್ತಾರೆ, ಹುಟ್ಟಿದಾಗಿನಿಂದ ಹೋಗುತ್ತಾರೆ, ನಮಗೆ ಮಾತ್ರ ನಂಜನಗೂಡು, ನಿಮಗೆ ಹತ್ರ ಆಗ್ತದೆ ಅಂತ ಇಲ್ಲೇ ಇಟ್ಕೊಂಡೋ ಅಂದರು ಗುರುಪ್ರಸಾದರು, ಅಪ್ಪನಿಗೆ ಎಷ್ಟು ಸಂತೋಷ, ನಮ್ಗೋಸ್ಕರ ಇಷ್ಟ್ ದೂರ ಬತ್ತಾವ್ರೆ ನೋಡಮ್ಮಿ ಒಳ್ಳೆ ಜನ ಅಂತ ಅವ್ವನಿಗೆ ಹೇಳಿದ, ಮೈಸೂರಿನ ಅಂಗಡಿಯಲ್ಲಿ ಅವರ ಯಾವನಾದರೂ ನೆಂಟ ಎದುರು ಬಂದು ಇವರು ಯಾರು ಅಂದುಬಿಟ್ಟರೆ ಎಂಬ ಹೆದರಿಕೆಯನ್ನು ನಮ್ಮ ಅಪ್ಪ ಮರ್ಯಾದೆ ಎಂದು ತಿಳಿದ — ಮೊದಲ ಸಲ ಅವರ ಮನೆಗೆ ಹೋದಾಗಲೂ ಹೀಗೆಯೇ, ಕಾಫಿ ಪೇಪರ್ ಕಪ್ಪಿನಲ್ಲಿ ಬಂತು, ನಮಗೆ ಮಾತ್ರ ಕೊಟ್ಟರೆ ತಪ್ಪು ತಿಳಿಯುತ್ತೇವೆಂದು ಮನೆಯವರೆಲ್ಲ ಪೇಪರ್ ಕಪ್ಪಿನಲ್ಲೇ ಕುಡಿದರು, ವಾಣಿಯ ಅಜ್ಜಿ ವೆಂಕಟಮ್ಮನವರು ಸಹ, ಆ ಮುದುಕಿಗೆ ಅದನ್ನು ಹಿಡಿಯಲು ಬಾರದೆ ಅಮುಕಿ ಸೆರಗಿನ ಮೇಲೆಲ್ಲ ಚೆಲ್ಲಿಕೊಂಡರು, ಇಡೀ ವಂಶಕ್ಕೆ ಪೇಪರ್ ಕಪ್ಪು, ಒಳಗೆ ಬೆಳ್ಳಿಯ ಲೋಟಗಳು ಬೀರುವಿನಲ್ಲಿ ಉಸಿರು ಬಿಗಿಹಿಡಿದು ಕುಳಿತಿದ್ದವು, ಸಮಾನತೆ ಅಂದರೆ ಅದು, ಆಗಲಿ ಅಂದುಕೊಂಡೆ, ಇಷ್ಟಾದರೂ ಮಾಡಿದರಲ್ಲ — ಲಗ್ನಪತ್ರಿಕೆ ಎರಡು ಥರ ಆಯಿತು, ನಮ್ಮದರಲ್ಲಿ ಬುದ್ಧ, ಬಾಬಾಸಾಹೇಬರು, ಅವರದರಲ್ಲಿ ನಂಜುಂಡೇಶ್ವರ, ನನ್ನ ಹೆಸರಿನ ಮುಂದೆ ಅಪ್ಪನ ಹೆಸರು ಅವರ ಪತ್ರಿಕೆಯಲ್ಲಿ ಮಾದು ಅಲ್ಲ, ಮಾದೇಶ್, ಪ್ರೆಸ್ಸಿನೋರು ತಪ್ ಮಾಡ್ಬಿಟ್ರು ಅಂದರು, ಆಗಲಿ, ಊಟದ ಮೆನು ಅವರದು, ಆಗಲಿ, ನಮ್ಮ ಕಡೆಯಿಂದ ತಮಟೆ ಬೇಡ ಬ್ಯಾಂಡ್‌ಸೆಟ್ ಸಾಕು, ಆಗಲಿ, ಆಗಲಿ ಆಗಲಿ ಎಂದು ನುಂಗಿ ನುಂಗಿ ಗಂಟಲು ಹೊಸಲಿನ ಹಾಗೆ ಸವೆದಿದೆ, ಯಾರು ಬೇಕಾದರೂ ದಾಟಬಹುದು — ಇಷ್ಟು ತಿಂಗಳಲ್ಲಿ ಇವರಲ್ಲಿ ಒಬ್ಬರೂ ಅಪ್ಪನನ್ನು ಬೀಗರೇ ಅನ್ನಲಿಲ್ಲ, ಗಂಡಿನ ಅಪ್ಪನನ್ನು ಬೇರೆ ಏನನ್ನುತ್ತಾರೆ ಪ್ರಪಂಚದಲ್ಲಿ, ಇವ್ರೇ, ಸ್ವಲ್ಪ ಈ ಕಡೆ ಬನ್ನಿ, ಇವ್ರೇ, ಕಾಫಿ ತಗೊಳ್ಳಿ, ಅಪ್ಪ ಇವ್ರೇ ಅಂದರೆ ತನ್ನ ಹೆಸರೇ ಅನ್ನುವಂತೆ ತಿರುಗುತ್ತಾನೆ. ಇದನ್ನೆಲ್ಲ ನಾನು ವಾಣಿಗೆ ಹೇಳಿದ್ದೇನೆ, ನಮ್ಮ ಸ್ಕೂಲಿನಲ್ಲೇ ಟೀಚರು ಅವಳು, ಹೇಳಿದಾಗಲೆಲ್ಲ ಅವಳು ಕಣ್ಣು ತುಂಬಿಕೊಳ್ಳುತ್ತಾಳೆ, ಆಮೇಲೆ ಸ್ಟಾಫ್ ರೂಮಿನ ಬೆಲ್ಲು ಹೊಡೆಯುತ್ತದೆ.

ಮೇಷ್ಟ್ರೇ, ಆಯ್ತಾ, ಬೂಟಿನ ತುದಿ ಬಾಗಿಲಿಗೆ ಟಕ್ ಎಂದು ತಾಗುತ್ತದೆ, ಬಂದೆ ಸಾರ್, ಈ ಸಾರ್ ಎಲ್ಲಿಂದ ಬರುತ್ತದೋ ನಾಲಿಗೆಗೆ, ಕೋಟಿನ ತೋಳು ಅಂಗೈ ಅರ್ಧ ನುಂಗಿಕೊಂಡಿದೆ, ಕೈಯಿಲ್ಲದವನ ಹಾಗೆ ಕಾಣುತ್ತೇನೆ, ಸಂದಿಯಲ್ಲಿ ದೂರದಲ್ಲಿ ಸ್ಟೂಲಿನ ಕಾಲು ಕಾಣುತ್ತಿದೆ, ಅದರ ಪಕ್ಕ ಅಪ್ಪನ ಹೊಸ ಚಪ್ಪಲಿ, ಚಪ್ಪಲಿಯೊಳಗೆ ಬಿರುಕು ಬಿಟ್ಟ ಹಿಮ್ಮಡಿ, ಎರಡೂ ಪಾದ ಜೋಡಿಸಿಕೊಂಡಿದ್ದಾನೆ, ಅವನಿಗೂ ಕೇಳಿಸಿರಬಹುದೇ, ಬೋರ್ಡು, ಕೇಳಿಸಿದ್ದರೂ ಮುಖ ಬದಲಾಗಿರುವುದಿಲ್ಲ — ಇವತ್ತು ಬೆಳಿಗ್ಗೆ ನಾನು ಎದ್ದಾಗ ಅಪ್ಪ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕುಕ್ಕುರುಗಾಲಲ್ಲಿ ಕುಳಿತು ಬೆನ್ನು ಈ ಕಡೆ ಮಾಡಿಕೊಂಡು ಏನೋ ಉಜ್ಜುತ್ತಿದ್ದ, ತಂಬಿಗೆ ಉಜ್ಜುತ್ತಿದ್ದಾನೆ ಅಂದುಕೊಂಡೆ, ಸೀಮೆಎಣ್ಣೆಯ ವಾಸನೆ, ಹತ್ತಿರ ಹೋದರೆ ಹೆಬ್ಬೆರಳು, ಬಲಗೈಯ ಹೆಬ್ಬೆರಳು, ತೆಂಗಿನ ನಾರು ಸುತ್ತಿಕೊಂಡು ಉಜ್ಜುತ್ತಿದ್ದಾನೆ, ಯಾವ ಕಾಲದಲ್ಲೋ ಏಣಿಯ ಕೊಂಡಿಗೆ ಸಿಕ್ಕಿ ಆ ಉಗುರು ನಡುವೆ ಸೀಳಿದೆ, ಮತ್ತೆ ಕೂಡಲಿಲ್ಲ, ಸೀಳಿನೊಳಗೆ ಪ್ರತಿ ಏಪ್ರಿಲ್ಲಿನ ನೀಲಿ ಸೇರಿಕೊಳ್ಳುತ್ತದೆ, ಮುಂದಿನ ಏಪ್ರಿಲ್‌ವರೆಗೂ ಹೋಗುವುದಿಲ್ಲ, ನನಗೆ ಬುದ್ಧಿ ಬಂದಾಗಿನಿಂದ ಆ ಹೆಬ್ಬೆರಳಲ್ಲಿ ಒಂದು ನೀಲಿ ಗೀಟು ಇದೆ, ಅನ್ನ ಕಲೆಸಿದ್ದು ಆ ಬೆರಳಲ್ಲೇ, ಮಾರ್ಕ್ಸ್‌ಕಾರ್ಡಿಗೆ ಸಹಿ ಹಾಕಿದ್ದೂ ಆ ಬೆರಳಲ್ಲೇ, ನಮ್ಮಪ್ಪನ ಬೆರಳಲ್ಲೇ ಮಸಿ ಇದೆ ಎಂದು ಸ್ಕೂಲಿನಲ್ಲಿ ನಾನು ಹೆಮ್ಮೆಯಿಂದ ನಗುತ್ತಿದ್ದೆ — ಯಾಕಪ್ಪ ಅದನ್ನ ಉಜ್ತೀಯ ಅಂದೆ, ಬೆಚ್ಚಿಬಿದ್ದ, ಏನಿಲ್ಲ ಕಣ್ಲಾ, ದೊಡ್ಡೋರ್ ಜತೆ ಓಯ್ತೀವಿ, ಕೊಳಕ್ ಇದ್ದಂಗೆ ಕಾಣ್ತದೆ, ಎಂದು ನಾರನ್ನು ಹಿಂದಕ್ಕೆ ಅಡಗಿಸಿದ, ಉಗುರಿನ ಅಂಚಿನಲ್ಲಿ ರಕ್ತ ಜಿನುಗಿತ್ತು, ನೀಲಿ ಹಾಗೆಯೇ ಇತ್ತು, ಕೊಳಕು ಅಂದ, ನನ್ನ ಅಪ್ಪ ಆ ಬಣ್ಣವನ್ನು ಕೊಳಕು ಅಂದ, ಬಸ್ಸಿನಲ್ಲಿ ಕಂಬಿ ಹಿಡಿದುಕೊಳ್ಳುವಾಗಲೂ ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿದ್ದ, ಇಲ್ಲಿ ಸ್ಟೂಲಿನ ಮೇಲೆ ಕೂತಾಗಿನಿಂದಲೂ ಬಲಗೈ ಮುಷ್ಟಿ ತೊಡೆಯ ಮೇಲಿದೆ, ಕದ್ದ ವಸ್ತು ಒಳಗಿದೆ ಅನ್ನುವಂತೆ. ಕಾಫಿ ಬಂದಾಗ ಎಡಗೈಯಲ್ಲಿ ತೆಗೆದುಕೊಂಡ, ಸೊಟ್ಟಗೈಯಲ್ಲಿ ತಗೊಂಡ್ಯಲ್ಲ ಎಂದು ನಾನು ಮನಸ್ಸಿನಲ್ಲೇ ಗೊಣಗಿಕೊಂಡೆ.

ಬಾಗಿಲು ತೆಗೆಯುತ್ತೇನೆ, ಏಸಿಯ ತಣ್ಣಗಿನ ಗಾಳಿ, ಹೊಸಬಟ್ಟೆಯ ಗಂಜಿ ವಾಸನೆ, ಹಾ ನೋಡಿ, ಅನ್ನುತ್ತಾರೆ ಗುರುಪ್ರಸಾದರು ಎರಡು ಕೈ ಚಾಚಿ, ಸಿನಿಮಾ ಹೀರೋ ಕಣ್ರೀ, ನಾನ್ ಹೇಳ್ಲಿಲ್ವಾ, ಲೈಟ್ ಕಲರ್ ಹಾಕಿದ್ರೆ ಎಷ್ಟ್ ಎದ್ ಕಾಣ್ತದೆ — ಕನ್ನಡಿಗಳು ಸುತ್ತಲೂ, ಮುಂದೆ ಹಿಂದೆ ಪಕ್ಕ, ಎಲ್ಲದರಲ್ಲೂ ಎರವಲು ಕೋಟು, ಭುಜದ ಹೊಲಿಗೆ ತೋಳಿನ ಮೇಲೆ ಇಳಿದು ಕೂತಿದೆ, ಅಪ್ಪ ಅದನ್ನೇ ನೋಡುತ್ತಿದ್ದಾನೆ, ನನಗೆ ಗೊತ್ತು, ಅವನ ಕಣ್ಣು ಮೊದಲು ಹೋಗುವುದೇ ಭುಜಕ್ಕೆ, ಅಪ್ಪ ಏಳಲಿಲ್ಲ, ಕುಳಿತೇ ಇದ್ದಾನೆ — ಮೆಟ್ಟಿಲ ಮೇಲೆ ಕಾಲ್ಗೆಜ್ಜೆ, ವಾಣಿ ಇಳಿದು ಬರುತ್ತಿದ್ದಾಳೆ, ಸೀರೆ ಸಿಕ್ತು, ಅತ್ತೆಗೂ ಇಷ್ಟ ಆಯ್ತು, ಹಸಿರು — ಹಸಿರು, ಮರೂನ್ ಅಲ್ಲ, ಗುರುಪ್ರಸಾದರ ಕಡೆ ನೋಡಿದೆ, ಅವರು ಟೈಗಳ ಕಡೆ ನೋಡುತ್ತಿದ್ದಾರೆ — ಅವಳು ನನ್ನನ್ನು ನೋಡುತ್ತಾಳೆ, ಕೋಟನ್ನು ನೋಡುತ್ತಾಳೆ, ತೆರೆದ ಬಾಗಿಲಿನೊಳಗೆ ಕೊಕ್ಕೆಯ ಮೇಲಿನ ನೀಲಿಯನ್ನು ನೋಡುತ್ತಾಳೆ, ಎಲ್ಲ ಅರ್ಥವಾಯಿತು ಅವಳಿಗೆ, ದಡ್ಡಿಯಲ್ಲ, ಹೆದರುಪುಕ್ಕಲಿಯೂ ಅಲ್ಲ, ಮನೆಯಲ್ಲಿ ಅನ್ನ ಬಿಟ್ಟವಳು, ದೊಡ್ಡಪ್ಪನ ಹೊಡೆತ ತಿಂದವಳು, ಸರ್ಕಾರಿ ಬಸ್ಸಿನಲ್ಲಿ ಎಲ್ಲರೆದುರಿಗೆ ನನ್ನ ಪಕ್ಕವೇ ಬಂದು ಕೂತವಳು, ಈಗ ಹೇಳುತ್ತಾಳೆ, ಈಗ ಅವಳೇ ಹೇಳಿಬಿಡುತ್ತಾಳೆ, ಇದು ಬೇಡ ಮಾವ ಎಂದು, ಹೇಳು ವಾಣಿ — ಹತ್ತಿರ ಬಂದು ಕಾಲರಿನ ಹಿಂದಿನ ಚೀಟಿಯನ್ನು ಹೊರಗೆ ತೆಗೆದಳು, ಜಗನ್, ಒಂದ್ ಸಾಯಂಕಾಲ ತಾನೆ, ಹಾಕ್ಕೊಂಡ್ಬಿಡಿ, ಇಷ್ಟೆಲ್ಲ ದಾಟ್ಕೊಂಡ್ ಬಂದು ಕೊನೇಲಿ ಒಂದ್ ಬಣ್ಣಕ್ಕೆ ಯಾಕೆ, ಆಮೇಲೆ ನಾನೇ ನಿಮ್ಗೆ ನೀಲಿದು ಕೊಡಿಸ್ತೀನಿ, ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ. ಚುಚ್ಚುತ್ತಿದ್ದದ್ದು ನಿಂತಿತು, ಸಿಟ್ಟು ನಿಲ್ಲಲಿಲ್ಲ, ಸಿಟ್ಟಿಗೆ ಈಗ ನಿಲ್ಲಲು ಜಾಗವೇ ಇಲ್ಲ, ಅವಳ ಮೇಲೆ ಬಿಡಲಾರೆ, ಇವರ ಮೇಲೆ ಬಿಟ್ಟರೆ ಮದುವೆ ಮುರಿಯುತ್ತದೆ, ಬಿಸಿತುಪ್ಪ, ಉಗುಳಲಾರೆ ನುಂಗಲಾರೆ, ಒಂದು ಸಾಯಂಕಾಲ ಅಂತೆ, ಆ ಒಂದು ಸಾಯಂಕಾಲದ ಫೋಟೋ ಗೋಡೆಯ ಮೇಲೆ ಎಷ್ಟು ವರ್ಷ ಇರುತ್ತದೆ, ನಾಳೆ ನಮ್ಮ ಮಗು ಕೇಳಿದರೆ, ಅಪ್ಪ, ಇದು ಯಾರ ಕೋಟು.

ಅಂಗಡಿಯವನು ಟೇಪು ಜಗ್ಗುತ್ತ ನಿಂತಿದ್ದಾನೆ, ಯಾವ್ದು ಪ್ಯಾಕ್ ಮಾಡ್ಲಿ ಸಾ, ಆಗ ಶಿವಸ್ವಾಮಿಯವರು, ಇಲ್ಲಿಯವರೆಗೆ ಹುಂ ಬಿಟ್ಟು ಬೇರೇನೂ ಅನ್ನದ ಮನುಷ್ಯ, ಗಂಟಲು ಸರಿಮಾಡಿಕೊಂಡು ಸ್ಟೂಲಿನ ಕಡೆ ತಿರುಗಿದರು, ಬೀಗ್ರೇ, ನೀವೇ ಒಂದ್ ಮಾತ್ ಹೇಳಿ — ಬೀಗ್ರೇ. ಅಂದುಬಿಟ್ಟರು. ಇಷ್ಟು ತಿಂಗಳು ಬಾಯಲ್ಲಿ ಇಟ್ಟುಕೊಂಡು ಕಾದಿದ್ದರು, ಇವತ್ತಿಗೆ, ಈ ಕೋಟಿಗೆ, ಬೀರುವಿನಿಂದ ಬೆಳ್ಳಿಲೋಟ ಹೊರಗೆ ಬಂತು ನೋಡಿ, ಕೆಲಸ ಇದ್ದಾಗ — ಅಪ್ಪನ ಮುಖ, ಅಯ್ಯೋ ಅಪ್ಪ, ಹಾಗೆ ಬೆಳಗಬೇಡ, ಒಂದು ಪದಕ್ಕೆ ಹಾಗೆ ಬೆಳಗಬೇಡ ಕಣಪ್ಪ, ಅಪ್ಪ ಎದ್ದ, ನೀಲಿಗೆ ಎದ್ದವನು ಈಗ ಆ ಪದಕ್ಕೆ ಎದ್ದ, ನನ್ನತ್ತ ಬರುತ್ತಿದ್ದಾನೆ, ಚೆಂದಾಗದೆ ಬುಡಿ, ಇದೇ ಚೆಂದಾಗದೆ, ಎನ್ನುತ್ತಿದ್ದಾನೆ ಅವರಿಗೆ, ನನಗೆ ಮಾತ್ರ ಕಣ್ಣು ಕೊಡುತ್ತಿಲ್ಲ, ನೀಲಿ ನಿಂಗೆ ಅಷ್ಟಾಗಿ ಒಪ್ಪಕಿಲ್ಲ ಕಣ್ಲಾ ಮೊಗ, ಇದೇ ತಗೋ, ಅವ್ರ್ ಮಾತೂ ಉಳೀತದೆ — ಸುಳ್ಳು, ಇಡೀ ತಾಲ್ಲೂಕಿನಲ್ಲಿ ಇವನಷ್ಟು ಚೆನ್ನಾಗಿ ಆ ಸುಳ್ಳು ಸುಳ್ಳೆಂದು ತಿಳಿದವನು ಇನ್ನೊಬ್ಬನಿಲ್ಲ, ಜೋತ ಭುಜವನ್ನು ನೋಡುತ್ತಲೇ ಹೇಳುತ್ತಿದ್ದಾನೆ, ನನಗೋಸ್ಕರ ಹೇಳುತ್ತಿದ್ದಾನೆ, ನನ್ನ ಮದುವೆ ನಿಲ್ಲಬಾರದೆಂದು, ಅದಕ್ಕೇ ಉರಿಯುತ್ತಿದೆ, ಬೂಟಿನ ಮೇಲೆ ಅಲ್ಲ ಚಪ್ಪಲಿಯ ಮೇಲೆ ಅಲ್ಲ, ಕಲ್ಲಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತು ರಕ್ತ ಬರುವಂತೆ ಉಜ್ಜಿದ ಆ ಬೆಳಗಿನ ಮೇಲೆ — ಹೇಳುತ್ತ ಹೇಳುತ್ತ ಅವನ ಕಣ್ಣು ನನ್ನ ಅಂಗೈ ನುಂಗಿದ ತೋಳಿನ ಮೇಲೆ ಬಿತ್ತು, ತಡೆಯಲಾಗಲಿಲ್ಲ ಅವನಿಗೆ, ಕೈ ಬಂದುಬಿಟ್ಟಿತು, ಅಭ್ಯಾಸ, ಕೋಟಿನ ತೋಳನ್ನು ಒಳಕ್ಕೆ ಮಡಚಿ ಶರ್ಟಿನ ಬಿಳಿ ಅಂಚನ್ನು ಹೊರಕ್ಕೆ ಎಳೆಯುತ್ತಿದ್ದಾನೆ, ಇಷ್ಟ್ ಕಾಣ್ಬೇಕು, ಒಂದ್ ಬೆರಳಗ್ಲ, ಎಂದು ಯಾರಿಗೂ ಅಲ್ಲದಂತೆ ಗೊಣಗುತ್ತ, ಅದಕ್ಕಾಗಿ ಮುಷ್ಟಿ ಬಿಚ್ಚಿದ್ದಾನೆ, ಬಿಚ್ಚಿದ್ದು ಅವನಿಗೇ ಗೊತ್ತಿಲ್ಲ, ಬಿಸ್ಕೆಟ್ ಬಣ್ಣದ ಮೇಲೆ ಹೆಬ್ಬೆರಳು, ಸೀಳಿದ ಉಗುರು, ಸೀಳಿನಲ್ಲಿ ನೀಲಿ —

ಎಲ್ಲರೂ ನೋಡಿದರು. ಗುರುಪ್ರಸಾದರು ನೋಡಿದರು, ಶಿವಸ್ವಾಮಿಯವರು ನೋಡಿದರು, ವಾಣಿ ನೋಡಿದಳು, ಎಲ್ಲರೂ ನೋಡಿದ್ದನ್ನು ಅಪ್ಪ ನೋಡಿದ, ಬೆಂಕಿ ತಾಗಿದವನಂತೆ ಕೈ ಎಳೆದುಕೊಂಡ, ಮುಷ್ಟಿ ಕಟ್ಟಲು ಹೋದ, ನಾನು ಹಿಡಿದುಕೊಂಡೆ. ಬುಡ್ಲಾ ಮೊಗ. ಬಿಡಲಿಲ್ಲ, ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ, ಹಳೆಯ ಬ್ರಷ್ಷಿನ ಕೂದಲಿನಂತೆ ಗಟ್ಟಿ, ಬುಡು ಕಣ್ಲಾ, ಎಲ್ಲಾ ನೋಡ್ತಾವ್ರೆ — ನೋಡಲಿ. ನೀಲಿದು ಪ್ಯಾಕ್ ಮಾಡಿ ಅಂದೆ. ನನ್ನ ದನಿಯೇ, ತರಗತಿಯ ಕೊನೆಯ ಬೆಂಚಿಗೆ ಕೇಳುವ ದನಿ, ಏನಂದ್ರಿ ಮೇಷ್ಟ್ರೇ ಅನ್ನುತ್ತಿದ್ದಾರೆ ಗುರುಪ್ರಸಾದರು, ನಗು ಇನ್ನೂ ಮುಖದಲ್ಲೇ ಇದೆ, ಇಳಿಸುವುದನ್ನು ಮರೆತಿದ್ದಾರೆ, ನೀಲಿದು, ಅಂದೆ, ವಾಣಿ ಬಾಯಿ ತೆರೆದಿದ್ದಾಳೆ, ಏನೋ ಹೇಳುತ್ತಿದ್ದಾಳೆ, ನನಗೆ ಹೇಳುತ್ತಿದ್ದಾಳೋ ಅವರಿಗೋ, ಕೇಳುತ್ತಿಲ್ಲ, ಶಿವಸ್ವಾಮಿಯವರ ಚಪ್ಪಲಿ ಬಾಗಿಲ ಕಡೆ ತಿರುಗಿತೋ ಇಲ್ಲವೋ, ನೋಡುತ್ತಿಲ್ಲ, ನನ್ನ ಅಂಗೈಯಲ್ಲಿ ಅಪ್ಪನ ಹೆಬ್ಬೆರಳು ಇದೆ, ಉಗುರಿನ ಅಂಚಿನಲ್ಲಿ ಬೆಳಗಿನ ರಕ್ತ ಒಣಗಿದೆ, ನಡುವೆ ಸೀಳು, ಸೀಳಿನೊಳಗೆ ಆ ಗೀಟು, ನೀಲಿ, ಉಜ್ಜಿದರೂ ಹೋಗದ ನೀಲಿ, ಹೋಗಲಿಲ್ಲ, ಹೋಗಿಲ್ಲ.